ಕೊಟ್ಟವರು ಯಾರು, ಕಿತ್ತುಕೊಂಡವರು ಯಾರು?

ನಮ್ಮ ಮಲೆನಾಡಿನಲ್ಲಿ ಧಣಿ ಸತ್ತರೆ ಭಾಷಣ ಹುಟ್ಟುತ್ತದೆ. ದೇವಸ್ಥಾನಕ್ಕೆ ಕೊಟ್ಟರು, ಸ್ಕೂಲಿಗೆ ಕೊಟ್ಟರು, ಕೊಡುಗೈ ದೊರೆ! ಆಯ್ತು ಸ್ವಾಮಿ, ಕೊಟ್ಟರು. ಕೊಡೋಕೆ ಎಲ್ಲಿಂದ ತಂದರು?

ಇದು ಸಾಗರ, ಹೊಸನಗರ, ತೀರ್ಥಹಳ್ಳಿಗಷ್ಟೇ ಅಂಟಿದ ರೋಗವಲ್ಲ. ಸ್ಕಾಟ್ಲೆಂಡಿನ ಸದರ್ಲೆಂಡ್ ಸೀಮೆಯಲ್ಲಿ ಸಾವಿರಾರು ಒಕ್ಕಲುಗಳನ್ನು ಎಬ್ಬಿಸಿ ಕುರಿಮಂದೆಗೆ ಜಾಗ ಮಾಡಿದ ಡ್ಯೂಕ್ 1833ರಲ್ಲಿ ಸತ್ತ. ಪಾರ್ಲಿಮೆಂಟಿನಲ್ಲಿ ಕೂತವನು, ರಸ್ತೆ ಸೇತುವೆ ಮಾಡಿಸಿದ ಮಹಾನುಭಾವ. ಗುಡ್ಡದ ನೆತ್ತಿಯ ಮೇಲೆ ಅವನ ಕಲ್ಲಿನ ಪ್ರತಿಮೆ ಎದ್ದಿತು. ಕೃತಜ್ಞ ಒಕ್ಕಲುಗಳು ನಿಲ್ಲಿಸಿದ್ದಂತೆ! ಒಕ್ಕಲೆಬ್ಬಿಸಿದವನಿಗೆ ಒಕ್ಕಲುಗಳ ಹೆಸರಲ್ಲೇ ನಮಸ್ಕಾರ.

ಈಗ ಕಾಗೋಡಿಗೆ ಬನ್ನಿ. ಗದ್ದೆ ಒಡೆಯರದು, ಬೆವರು ದೀವರ ಒಕ್ಕಲುಗಳದು. ಗೇಣಿ ಅಳೆಯುವ ಕೊಳಗ ದೊಡ್ಡದು. ಅದರ ಮೇಲೆ ಬಿಟ್ಟಿ ಚಾಕರಿ. 1951ರ ಏಪ್ರಿಲ್‌ನಲ್ಲಿ ಎಚ್. ಗಣಪತಿಯಪ್ಪನವರ ರೈತ ಸಂಘ ಕಟ್ಟಿಕೊಂಡ ಒಕ್ಕಲುಗಳು ನೇಗಿಲು ಹೊತ್ತು ಗದ್ದೆಗೆ ಇಳಿದರು. ಹಿಡಿದು ಜೈಲಿಗೆ ತುಂಬಿದರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಜತೆಗೆ ನಿಂತರು. ಜೂನ್‌ನಲ್ಲಿ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು.

1952ರ ಚುನಾವಣೆಯಲ್ಲಿ ಸಾಗರ-ಹೊಸನಗರದ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಕಾಂಗ್ರೆಸ್ಸಿನ ಹೆಸರಲ್ಲಿ ಲೋಕಸಭೆಗೆ ಹೋದವರು ಯಾರು? ಕಾಗೋಡಿನ ಜಮೀನುದಾರರಾದ ಕೆ.ಜಿ. ಒಡೆಯರ್! 1957ರಲ್ಲಿ ಮತ್ತೆ ಅವರೇ. ಊರಲ್ಲಿ ಒಡೆಯರು, ದಿಲ್ಲಿಯಲ್ಲಿ ಪ್ರಜೆಗಳ ಪ್ರತಿನಿಧಿ. ಓಟು ಬಂತು, ಧಣಿಯ ನೆರಳು ಹೋಗಲಿಲ್ಲ.

‘ಧಣಿಗಳಲ್ಲೂ ಒಳ್ಳೆಯವರಿದ್ದರಪ್ಪಾ’ ಅನ್ನುವ ಮೇಷ್ಟ್ರುಗಳಿದ್ದಾರೆ. ಇದ್ದಿರಬಹುದು. ನಾವು ಮಾತಾಡುತ್ತಿರುವುದು ಗುಣದ ಬಗ್ಗೆ ಅಲ್ಲ, ಕೊಳಗದ ಬಗ್ಗೆ. ಒಳ್ಳೆಯವನ ಕೊಳಗವೂ ಒಕ್ಕಲಿನ ಕಣಜವನ್ನೇ ಬರಿದು ಮಾಡಿತು. ದಾನ ಬೇಡುವವನ ಕೈ ಕೆಳಗೇ ಇರುತ್ತದೆ. ಹಕ್ಕು ಕೇಳುವವನು ಎದ್ದು ನಿಲ್ಲುತ್ತಾನೆ. ಕಾಗೋಡು ಮಾಡಿದ್ದು ಅದನ್ನೇ.

ಆದರೆ ಗೆಳೆಯರೇ, ಇಲ್ಲಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುವಂತಿಲ್ಲ. 1974ರ ಮಾರ್ಚ್ 1ರಂದು ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ನೋಡಲು ಗೋಪಾಲಗೌಡರು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು. ಉಳುವವನೇ ಹೊಲದೊಡೆಯ ಎಂದರು. ಸರಿ, ಉತ್ತವನು ಯಾರು? ಕಾನೂನಿನ ಕಣ್ಣಿಗೆ ಬಿದ್ದವನು ಗೇಣಿದಾರ. ನೇಗಿಲ ಹಿಂದೆ ನಡೆದ ಜೀತದಾಳು, ಸಸಿ ನೆಟ್ಟ ಅವನ ಹೆಂಡತಿ ಕಣ್ಣಿಗೆ ಬೀಳಲಿಲ್ಲ. ಗೇಣಿದಾರ ಪಡೆದದ್ದು ಅವನ ಹಕ್ಕು, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕೂಲಿಯವನು ಟ್ರಿಬ್ಯೂನಲ್ಲಿನ ಮುಂದೆ ಯಾವ ಗೇಣಿ ಚೀಟಿ ಹಿಡಿದು ನಿಲ್ಲಬೇಕಿತ್ತು? ಕೇರಿಯ ಪಾಲಿಗೆ ಒಡೆಯ ಬದಲಾದ, ಕೂಲಿ ಬದಲಾಗಲಿಲ್ಲ.

ಮಂಜೂರಾದ ತುಂಡು ಭೂಮಿಯೂ ಕೈಜಾರುತ್ತಿದ್ದದ್ದಕ್ಕೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ತರಬೇಕಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ಕಿತ್ತುಹಾಕಿದರು. ಕೃಷಿಕನಲ್ಲದವನೂ ದುಡ್ಡಿದ್ದರೆ ಗದ್ದೆ ಕೊಳ್ಳಬಹುದು ಎಂದಾಯಿತು. ಹಳೆ ಧಣಿ ಕುದುರೆ ಮೇಲೆ ಬರುತ್ತಿದ್ದ, ಹೊಸ ಧಣಿ ಕಾರಲ್ಲಿ ಬರುತ್ತಾನೆ. ಬಂದು ಅವನೂ ಸ್ಕೂಲಿಗೆ ಬೆಂಚು ಕೊಡುತ್ತಾನೆ, ಹೆಸರು ಬರೆಸುತ್ತಾನೆ!

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ಕಾಗೋಡಿಗೆ ಹಾರ ಹಾಕುವ ಮುಂಚೆ ನಿಮ್ಮೂರಿನ ಕೇರಿಗೆ ಹೋಗಿ. ಯಾರ ಗದ್ದೆಯನ್ನು ಯಾರು ಉತ್ತರು, ಯಾರಿಗೆ ಎಷ್ಟು ಗುಂಟೆ ಸಿಕ್ಕಿತು, ಸಿಕ್ಕಿದ್ದು ಈಗ ಯಾರ ಹೆಸರಲ್ಲಿದೆ, ಪಹಣಿ ಹಿಡಿದು ಬರೆಯಿರಿ. ದಾನಿಗಳ ಪಟ್ಟಿ ಗೋಡೆ ಮೇಲೆ ಈಗಾಗಲೇ ಇದೆ. ಅದರ ಪಕ್ಕದಲ್ಲಿ ಈ ಪಟ್ಟಿಯನ್ನೂ ಅಂಟಿಸೋಣ. ಆಮೇಲೆ ತಾಲ್ಲೂಕು ಕಚೇರಿ ಮುಂದೆ ಕೂರೋಣ.