ಸರ್ಕಾರದ ವಕೀಲರು ಯಾರ ವಕೀಲರು?

ಬಳ್ಳಾರಿಯ ಅದಿರು ಲೂಟಿಯಾದಾಗ ನಷ್ಟವಾದದ್ದು ಕರ್ನಾಟಕಕ್ಕೆ. ಆದರೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಕರ್ನಾಟಕವಲ್ಲ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಆ ಮೊಕದ್ದಮೆಯಲ್ಲಿ ರಾಜ್ಯ ಸರ್ಕಾರ ಪ್ರತಿವಾದಿ. ಕಳವಾದ ಮನೆಯ ಯಜಮಾನನೇ ಎದುರು ಪಕ್ಷದಲ್ಲಿ ನಿಂತ ಹಾಗೆ! ಸಂಡೂರು, ಹೊಸಪೇಟೆಗಳ ಕೆಂಪು ಮಣ್ಣು ಬೇಲೆಕೇರಿ ಬಂದರಿನ ದಾರಿ ಹಿಡಿದಿದ್ದ ಆ ದಿನಗಳಲ್ಲಿ ರಾಜ್ಯಕ್ಕೊಬ್ಬ ಅಡ್ವೊಕೇಟ್ ಜನರಲ್ (ಎಜಿ) ಇರಲಿಲ್ಲವೆಂದಲ್ಲ. ಇದ್ದರು. ಅವರ ಕಕ್ಷಿದಾರ ಸರ್ಕಾರವಾಗಿತ್ತು, ಆ ಸರ್ಕಾರದ ಸಂಪುಟದಲ್ಲಿ ಗಣಿ ಧಣಿಗಳೇ ಕೂತಿದ್ದರು.

ಸಂವಿಧಾನದ 165ನೇ ವಿಧಿಯಂತೆ ಈ ಹುದ್ದೆಗೆ ನೇಮಕ ಮಾಡುವವರು ರಾಜ್ಯಪಾಲರು. ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಬೇಕು, ಅವಧಿ ಮಾತ್ರ ನಿಗದಿಯಿಲ್ಲ. ರಾಜ್ಯಪಾಲರ ಇಚ್ಛೆ ಇರುವತನಕ, ಅಂದರೆ ಮುಖ್ಯಮಂತ್ರಿಯ ಇಚ್ಛೆ ಇರುವತನಕ. 2018ರಲ್ಲಿ ಸರ್ಕಾರ ಬದಲಾಯಿತು, ಮಧುಸೂದನ ನಾಯಕ್ ಹೋಗಿ ಉದಯ ಹೊಳ್ಳ ಬಂದರು. ಮರುವರ್ಷ ಮೈತ್ರಿ ಸರ್ಕಾರ ಬಿತ್ತು, ಪ್ರಭುಲಿಂಗ ನಾವದಗಿ ಬಂದರು. 2023ರಲ್ಲಿ ಶಶಿಕಿರಣ್ ಶೆಟ್ಟಿ. ಇವರಲ್ಲಿ ಯಾರ ಪಾಂಡಿತ್ಯದ ಬಗ್ಗೆಯೂ ತಕರಾರಿಲ್ಲ. ಕುರ್ಚಿಯ ಕಾಲು ಎಲ್ಲಿ ಊರಿದೆ ಎಂಬುದಷ್ಟೇ ಪ್ರಶ್ನೆ.

ಬಳ್ಳಾರಿಯ ಪಾರ್ವತಿನಗರದ ಮತದಾರ ಪಾಲಿಕೆ ಸದಸ್ಯನನ್ನು ಆರಿಸುತ್ತಾನೆ, ಶಾಸಕನನ್ನು, ಸಂಸದನನ್ನು ಆರಿಸುತ್ತಾನೆ. ರಾಜ್ಯದ ವಕೀಲರನ್ನೂ ಅವನೇ ಆರಿಸಿದರೆ? ಅಮೆರಿಕದ 50 ರಾಜ್ಯಗಳ ಪೈಕಿ 43ರಲ್ಲಿ ನಡೆಯುವುದು ಹೀಗೆಯೇ. ಅಲ್ಲಿ ಅಟಾರ್ನಿ ಜನರಲ್ ಜನರ ಮತದಿಂದ ಗೆದ್ದು ಬರುತ್ತಾರೆ. ಇದರ ಫಲ ಎದ್ದು ಕಂಡದ್ದು ಮಿಸಿಸಿಪಿಯಲ್ಲಿ. ತಂಬಾಕಿನಿಂದ ರೋಗಿಗಳಾದವರ ಚಿಕಿತ್ಸೆಗೆ ಸರ್ಕಾರ ಸುರಿದ ಹಣವನ್ನು ಸಿಗರೇಟ್ ಕಂಪನಿಗಳೇ ಕಟ್ಟಿಕೊಡಬೇಕೆಂದು ಅಲ್ಲಿನ ಅಟಾರ್ನಿ ಜನರಲ್ ಮೈಕ್ ಮೂರ್ 1994ರಲ್ಲಿ ದಾವೆ ಹೂಡಿದರು. ಅದೇ ರಾಜ್ಯದ ಗವರ್ನರ್ ಕರ್ಕ್ ಫೋರ್ಡಿಸ್‌ಗೆ ಇದು ಸರಿಬರಲಿಲ್ಲ. ದಾವೆ ನಿಲ್ಲಿಸಲು ಕೋರ್ಟಿಗೇ ಹೋದರು, ಫಲಿಸಲಿಲ್ಲ. ಮೂರ್ ನೇಮಕಗೊಂಡವರಾಗಿದ್ದರೆ ಗವರ್ನರ್ ಕೋರ್ಟಿಗೆ ಅಲೆಯಬೇಕಿರಲಿಲ್ಲ, ಒಂದು ಆದೇಶ ಸಾಕಿತ್ತು. 1998ರಲ್ಲಿ ಇತರ 46 ರಾಜ್ಯಗಳ ಜೊತೆಯೂ ಕಂಪನಿಗಳು ರಾಜಿಯಾದವು. 25 ವರ್ಷಗಳಲ್ಲಿ 20,000 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಲು ಒಪ್ಪಿದವು.

ಇಷ್ಟನ್ನೇ ಓದಿದವರಿಗೆ ಚುನಾವಣೆಯೇ ಮದ್ದು ಅನ್ನಿಸಬಹುದು. ಟೆಕ್ಸಾಸ್ ಕಡೆಗೂ ನೋಡಬೇಕು. ಅಲ್ಲಿನ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್ಟನ್ ಮೇಲೆ 2015ರಲ್ಲಿ ಷೇರು ವಂಚನೆಯ ದೋಷಾರೋಪ ಬಂತು. ಆ ಬಳಿಕವೂ 2018ರಲ್ಲಿ ಗೆದ್ದರು, 2022ರಲ್ಲಿ ಮತ್ತೆ ಗೆದ್ದರು. ಮತಪೆಟ್ಟಿಗೆ ಪಕ್ಷ ನೋಡಿತು, ಪ್ರಕರಣ ನೋಡಲಿಲ್ಲ.

ಅಷ್ಟು ದೂರ ಯಾಕೆ ಹೋಗಬೇಕು! 2011ರ ಸೆಪ್ಟೆಂಬರಿನಲ್ಲಿ ಗಣಿ ಧಣಿ ಗಾಲಿ ಜನಾರ್ದನ ರೆಡ್ಡಿಯವರನ್ನು ಸಿಬಿಐ ಬಂಧಿಸಿತು. ಮೂರೇ ತಿಂಗಳಲ್ಲಿ ಅವರ ಆಪ್ತ ಶ್ರೀರಾಮುಲು ಬಳ್ಳಾರಿ ಗ್ರಾಮಾಂತರದಲ್ಲಿ ಪಕ್ಷೇತರರಾಗಿ ಗೆದ್ದು ಬಂದರು. 2023ರಲ್ಲಿ ರೆಡ್ಡಿಯವರೇ ಗಂಗಾವತಿಯಿಂದ ಶಾಸಕರಾದರು. ಇಂಥ ನೆಲದಲ್ಲಿ ಎಜಿ ಹುದ್ದೆಗೂ ಚುನಾವಣೆ ಇಟ್ಟರೆ ಪ್ರಚಾರದ ಖರ್ಚಿಗೆ ಹಣ ಎಲ್ಲಿಂದ ಬಂದೀತು ಎಂಬುದನ್ನು ಬಳ್ಳಾರಿಯವರಿಗೆ ಬೇರೆಯವರು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಬಳ್ಳಾರಿಯ ಲೂಟಿಯನ್ನು ಕಾಗದದ ಮೇಲೆ ಇಳಿಸಿದವರು ಯಾರು? ಲೋಕಾಯುಕ್ತ ಸಂತೋಷ್ ಹೆಗ್ಡೆ. ಅವರನ್ನೂ ಜನ ಚುನಾಯಿಸಿರಲಿಲ್ಲ. ಆದರೆ ಐದು ವರ್ಷದ ಖಚಿತ ಅವಧಿ ಇತ್ತು. ತೆಗೆಯಬೇಕಾದರೆ ಎರಡೂ ಸದನಗಳ ವಿಶೇಷ ಬಹುಮತ ಬೇಕಿತ್ತು. ಹಾಗಾಗಿಯೇ 2011ರ ಜುಲೈ 27ರಂದು, ನಿವೃತ್ತಿಗೆ ಕೆಲವೇ ದಿನ ಇರುವಾಗ, ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯ ಹೆಸರಿದ್ದ ವರದಿಯನ್ನು ಅವರು ಸಲ್ಲಿಸಬಲ್ಲವರಾದರು. ನಷ್ಟ 16,000 ಕೋಟಿ ರೂಪಾಯಿಗೂ ಮಿಕ್ಕಿದ್ದು ಎಂದು ಅದು ಲೆಕ್ಕ ಹಾಕಿತ್ತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಾಲ್ಕನೇ ದಿನ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಅದೇ ಹೊತ್ತಿಗೆ ಎಜಿ ಕಚೇರಿಯ ಕಥೆ ಬೇರೆ. ಐದು ಬಾರಿ ಆ ಹುದ್ದೆ ಕಂಡ ಬಿ.ವಿ. ಆಚಾರ್ಯ ಜಯಲಲಿತಾ ಅಕ್ರಮ ಆಸ್ತಿ ಪ್ರಕರಣದ ವಿಶೇಷ ಸರ್ಕಾರಿ ಅಭಿಯೋಜಕರೂ ಆಗಿದ್ದರು. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ ಎಂದಾಗ, 2012ರ ಫೆಬ್ರುವರಿಯಲ್ಲಿ ಅವರು ಬಿಟ್ಟದ್ದು ಎಜಿ ಹುದ್ದೆಯನ್ನೇ. ಆ ವರ್ಷ ಮುಗಿಯುವ ಮೊದಲೇ ಇನ್ನೊಂದನ್ನೂ ಬಿಟ್ಟರು.

ಕಕ್ಷಿದಾರನಿಗೆ ತನ್ನ ವಕೀಲನನ್ನು ಆರಿಸಿಕೊಳ್ಳುವ ಹಕ್ಕಿಲ್ಲವೇ ಎಂದು ಕೇಳಬಹುದು. ಇದೆ, ಸರ್ಕಾರ ತನ್ನ ಆದೇಶಗಳನ್ನು ಸಮರ್ಥಿಸಲು ಬೇಕಾದವರನ್ನು ಇಟ್ಟುಕೊಳ್ಳಲಿ. ಆದರೆ ಎಜಿಯ ಕೈಯಲ್ಲಿ ಬೇರೆ ಕೆಲಸಗಳೂ ಇವೆ. ಖಾಸಗಿ ವ್ಯಕ್ತಿ ಕ್ರಿಮಿನಲ್ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಲು ಅವರ ಒಪ್ಪಿಗೆ ಬೇಕು. ಸಾರ್ವಜನಿಕ ಟ್ರಸ್ಟಿನ ಆಸ್ತಿ ಹಾಳಾಗುತ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಪ್ರಕಾರ ದಾವೆ ಹೂಡುವ ಅಧಿಕಾರ ಅವರಿಗಿದೆ. ಇವು ಸರ್ಕಾರದ ಕೆಲಸಗಳಲ್ಲ, ಸಾರ್ವಜನಿಕರ ಕೆಲಸಗಳು. ಈ ಪಟ್ಟಿಗೆ ನಾಡಿನ ಖನಿಜ, ಕೆರೆ, ಕಾಡಿನ ರಕ್ಷಣೆಯನ್ನೂ ಸೇರಿಸಿ, ಐದು ವರ್ಷದ ಅವಧಿ ಕೊಟ್ಟು, ತೆಗೆಯುವುದಾದರೆ ಸದನದ ಮುಂದೆ ಕಾರಣ ಹೇಳಬೇಕೆಂದು ವಿಧಿಸಿದರೆ ಅಮೆರಿಕದ ಗುಣ ಬರುತ್ತದೆ, ಚುನಾವಣೆಯ ಖರ್ಚು ಬರುವುದಿಲ್ಲ. 165ನೇ ವಿಧಿಗೆ ತಿದ್ದುಪಡಿ ಬೇಕಾದೀತು, ಅದು ಸಂಸತ್ತಿನ ಕೆಲಸ. ಅಲ್ಲಿಯವರೆಗೆ, ಸರ್ಕಾರವೇ ಪಾಲುದಾರನಾದ ಲೂಟಿಯ ವಿರುದ್ಧ ದಾವೆ ಹೂಡುವ ಹೊಣೆ ಹಿರೇಮಠರಂಥವರ ಹೆಗಲಿಗೇ ಉಳಿದಿದೆ.