ಕೂಲಿಗೆ ಹೊಣೆ ಯಾರು?

ಕಾರ್ಖಾನೆಗಳ ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರ ಹಾಕಿ, ಕೆಳಗೆ ಕಾಯಕದ ಬಗ್ಗೆ ಒಂದು ಮಾತು ಬರೆಸುವುದು ನಮ್ಮಲ್ಲಿ ರೂಢಿಯಾಗಿದೆ. ಸಂತೋಷವೇ. ಆದರೆ ಅದನ್ನು ಓದಬೇಕಾದವನು ಯಂತ್ರದ ಮುಂದೆ ನಿಂತ ಹುಡುಗ ಮಾತ್ರ ಎಂದು ಆಡಳಿತದವರು ತಿಳಿದಂತಿದೆ. ಮೈ ಮುರಿದು ದುಡಿ, ಸಂಬಳದ ಮಾತೆತ್ತಬೇಡ ಎಂದು ಶರಣರು ಎಲ್ಲಿ ಹೇಳಿದ್ದಾರೆ?

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ನಡೆದದ್ದನ್ನು ನಾವು ಬೇಗ ಮರೆತೆವು. 2020ರ ಡಿಸೆಂಬರ್ 12ರ ಬೆಳಿಗ್ಗೆ, ತೈವಾನ್ ಮೂಲದ ವಿಸ್ಟ್ರಾನ್ ಕಂಪನಿಯ ಐಫೋನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನಗಳಿಗೆ ಬೆಂಕಿ ಇಟ್ಟರು. ಅದನ್ನು ಸಮರ್ಥಿಸಲಾಗದು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ನಷ್ಟ 437 ಕೋಟಿ ರೂಪಾಯಿ ಎಂದು ಮೊದಲು ದೂರು ದಾಖಲಾಯಿತು. ಕೆಲವೇ ದಿನಗಳಲ್ಲಿ ಕಂಪನಿಯೇ ಅದನ್ನು 52 ಕೋಟಿಯೊಳಗೆ ಇಳಿಸಿತು. ಒಡೆದ ಗಾಜಿನ ಲೆಕ್ಕ ಅದೇ ದಿನ ಸಿದ್ಧವಾಯಿತು, ದುಡಿದವರ ಸಂಬಳದ ಲೆಕ್ಕ ಮಾತ್ರ ತಿಂಗಳುಗಟ್ಟಲೆ ಕೂಡಿಬರಲಿಲ್ಲ!

ಇಂಜಿನಿಯರಿಂಗ್ ಪದವೀಧರರಿಗೆ 21 ಸಾವಿರ ಎಂದು ಹೇಳಿ, 16 ಸಾವಿರಕ್ಕೆ ಇಳಿಸಿ, ಆಮೇಲೆ 12 ಸಾವಿರ ಕೊಟ್ಟರೆಂಬುದು ಕಾರ್ಮಿಕರ ದೂರಾಗಿತ್ತು. ಎಂಟು ಗಂಟೆಯ ಪಾಳಿ ಹನ್ನೆರಡಕ್ಕೆ ಏರಿತ್ತು. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ ತಪಾಸಣೆ ಮಾಡಿದಾಗ, 5,000 ಇದ್ದ ಕಾರ್ಮಿಕರ ಸಂಖ್ಯೆಯನ್ನು ಅಲ್ಪ ಕಾಲದಲ್ಲೇ 10,500ಕ್ಕೆ ಏರಿಸಿದ್ದು, ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿದ್ದರೂ ಸರಿಪಡಿಸದೆ ಬಿಟ್ಟಿದ್ದು ಕಂಡುಬಂತು. ಐದು ಟನ್ ಹೊರುವ ತೊಲೆಯ ಮೇಲೆ ಹತ್ತು ಟನ್ ಹೇರಿ, ಬಿರುಕು ಬಿಟ್ಟಾಗ ಕಬ್ಬಿಣವನ್ನು ಬೈದರೆ ಯಾವ ಇಂಜಿನಿಯರ್ ಒಪ್ಪುತ್ತಾನೆ?

ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಕಂಪನಿಯ ನೌಕರರೇ ಅಲ್ಲ, ಏಜೆನ್ಸಿಗಳ ಮೂಲಕ ಬಂದವರು. ಮೇಲ್ವಿಚಾರಕನನ್ನು ಕೇಳಿದರೆ ಏಜೆನ್ಸಿಯನ್ನು ಕೇಳು, ಏಜೆನ್ಸಿಯನ್ನು ಕೇಳಿದರೆ ಕಂಪನಿಯಿಂದ ಹಾಜರಿ ಬಂದಿಲ್ಲ. ಗುತ್ತಿಗೆ ಕೆಲಸ ಮಾಡಿದವರಿಗೆಲ್ಲ ಈ ಅಲೆದಾಟ ಪರಿಚಿತ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಇದಕ್ಕೆ ಉತ್ತರ ಹೇಳಿತ್ತು: ಕೂಲಿ ಬಟವಾಡೆಯ ವೇಳೆ ಮೂಲ ಮಾಲೀಕನ ಪ್ರತಿನಿಧಿ ಹಾಜರಿರಬೇಕು, ಗುತ್ತಿಗೆದಾರ ಕೊಡದಿದ್ದರೆ ಮಾಲೀಕನೇ ಕೊಡಬೇಕು. ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಕೊನೆಗೆ ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು; ಆಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಇದೆಲ್ಲ ಬೆಂಕಿ ಬಿದ್ದ ಮೇಲೆ.

ಆಯ್ದಕ್ಕಿ ಲಕ್ಕಮ್ಮ ತಾಯಿಯ ಕಥೆಯನ್ನು ನಾವು ಹೆಚ್ಚಾಗಿ ದುಡಿಯುವವರಿಗೇ ಹೇಳುತ್ತೇವೆ. ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಅದನ್ನು ತಿರುಗಿ ಹಾಕಿಬರಲು ಕಳಿಸಿದಳು. ತನ್ನದಲ್ಲದ್ದು ಮನೆಗೆ ಬರಬಾರದು ಎಂಬ ಆ ಲೆಕ್ಕ ಮಾಲೀಕನ ತಿಜೋರಿಗೆ ಅನ್ವಯಿಸುವುದಿಲ್ಲವೇ? ಕೊಡದೆ ಉಳಿಸಿಕೊಂಡ ನಾಲ್ಕು ತಾಸಿನ ಕೂಲಿ ಯಾರದು? ಅನುಭವ ಮಂಟಪದಲ್ಲಿ ಸೌದೆ ಮಾರುವವರೂ ಅರಸು ಬಿಟ್ಟು ಬಂದವರೂ ಎದುರುಬದುರು ಕೂತು ಪ್ರಶ್ನೆ ಕೇಳಿದರು. ನರಸಾಪುರದಲ್ಲಿ ಹತ್ತು ಸಾವಿರ ಜನರಿಗೆ ಕೇಳುವ ಜಾಗವೇ ಇರಲಿಲ್ಲ.

ಹೀಗೆಲ್ಲ ಬಿಗಿ ಮಾಡಿದರೆ ಕಾರ್ಖಾನೆಗಳು ಪಕ್ಕದ ರಾಜ್ಯಕ್ಕೆ ಹೋಗುತ್ತವೆ ಎನ್ನುವವರಿದ್ದಾರೆ. ನರಸಾಪುರದ ಕಾರ್ಖಾನೆ ಎಲ್ಲಿಗೂ ಹೋಗಲಿಲ್ಲ. 2023ರಲ್ಲಿ ಟಾಟಾದವರು ಕೊಂಡರು, ಫೋನು ಅಲ್ಲೇ ತಯಾರಾಗುತ್ತಿದೆ.

ಇನ್ನು ನಮ್ಮ ಮನೆಯ ಮಾತು. ಐಟಿಐ, ಪಾಲಿಟೆಕ್ನಿಕ್, ಇಂಜಿನಿಯರಿಂಗ್ ಕಾಲೇಜುಗಳನ್ನು ನಡೆಸುವ ಮಠಗಳು ಇಂಥ ಕಾರ್ಖಾನೆಗಳಿಗೆ ಮಕ್ಕಳನ್ನು ಕಳಿಸುತ್ತಿವೆ. ಕ್ಯಾಂಪಸ್ಸಿಗೆ ಬಂದ ಏಜೆನ್ಸಿಯಿಂದ ಸಂಬಳ, ಪಾಳಿ, ಓಟಿ ದರವನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳದೆ ಒಳಗೆ ಬಿಡಬಾರದು. ಅದಕ್ಕೂ ಮುಂಚೆ, ಅದೇ ಕಾಲೇಜುಗಳ ಅತಿಥಿ ಉಪನ್ಯಾಸಕರು, ಕಸ ಗುಡಿಸುವವರು, ಗೇಟಿನ ಕಾವಲುಗಾರರು ಯಾವ ಏಜೆನ್ಸಿಯ ಮೂಲಕ ಬಂದಿದ್ದಾರೆ, ಕಳೆದ ತಿಂಗಳ ಸಂಬಳ ಯಾವ ತಾರೀಕಿಗೆ ಅವರ ಕೈಸೇರಿತು ಎಂಬುದನ್ನು ಆಡಳಿತ ಮಂಡಳಿಯವರು ಪೂಜ್ಯರ ಮುಂದೆ ರಿಜಿಸ್ಟರ್ ತೆರೆದು ತೋರಿಸಲಿ.