ತೆರೆದು ನೋಡದ ಪ್ರತಿ ಪ್ರತಿಯಲ್ಲ

ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಸಂಗತಿ ಶಾಲಾ ಮಕ್ಕಳಿಗೂ ಗೊತ್ತು. ಅದನ್ನು ದಾನವೆಂದು ಹೊಗಳುವವರು ಅದರಲ್ಲಿದ್ದ ಇನ್ನೊಂದು ಗುಣವನ್ನು ಗಮನಿಸುವುದು ಕಡಿಮೆ. ಒಂದೂರಿನ ಓಲೆಗರಿಗೆ ಹುಳ ಹಿಡಿದರೂ, ಇನ್ನೊಂದೂರಿನಲ್ಲಿ ಬೆಂಕಿ ಬಿದ್ದರೂ, ಮತ್ತೆಲ್ಲೋ ಒಂದು ಪ್ರತಿ ಉಳಿದಿರುತ್ತದೆ. ಪ್ರತಿಗಳು ಹಲವು, ಇರುವ ಜಾಗಗಳೂ ಹಲವು. ಇಂದಿನ ಕಂಪ್ಯೂಟರ್ ಭಾಷೆಯಲ್ಲಿ ಇದೇ ಬ್ಯಾಕಪ್.

ಈಗ ಎಷ್ಟೋ ಮನೆಗಳಲ್ಲಿ ಹಳೆಯ ಕಂಪ್ಯೂಟರೊಂದು ಹಜಾರದ ಮೂಲೆಯಲ್ಲಿ ‘ಹೋಮ್ ಸರ್ವರ್’ ಆಗಿ ಕೆಲಸ ಮಾಡುತ್ತಿರುತ್ತದೆ. ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಅದನ್ನು ಸಜ್ಜುಗೊಳಿಸಿರುತ್ತಾರೆ. ಮನೆಯವರ ಮೊಬೈಲ್ ಚಿತ್ರಗಳು, ಜಮೀನಿನ ಕಾಗದಗಳ ಸ್ಕ್ಯಾನ್, ಕಾಲೇಜಿನ ಪ್ರಾಜೆಕ್ಟ್, ತೀರಿಕೊಂಡ ಅಜ್ಜನ ಧ್ವನಿ, ಎಲ್ಲವೂ ಅದರ ಒಂದೇ ಹಾರ್ಡ್‌ಡಿಸ್ಕಿನಲ್ಲಿ. ಅದು ಒಂದು ದಿನ ನಿಂತುಹೋದರೆ ಗತಿಯೇನು ಎಂಬ ಪ್ರಶ್ನೆ, ನಿಂತ ದಿನವೇ ಮನೆಯವರಿಗೆ ಹೊಳೆಯುತ್ತದೆ.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ, ತಪ್ಪಾಗಿ ಕೊಟ್ಟ ಅಳಿಸುವ ಆಜ್ಞೆಯೊಂದರಿಂದ ಚಿತ್ರದ ಬಹುಪಾಲು ಕಡತಗಳು ಮಾಯವಾದವು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ, ಅದು ಕೆಲಕಾಲದಿಂದ ಸರಿಯಾಗಿ ನಡೆದೇ ಇರಲಿಲ್ಲ. ಚಿತ್ರದ ತಾಂತ್ರಿಕ ಮುಖ್ಯಸ್ಥರಲ್ಲಿ ಒಬ್ಬರಾದ ಗೇಲಿನ್ ಸಸ್ಮನ್ ಆಗಷ್ಟೇ ತಾಯಿಯಾಗಿದ್ದು, ಮನೆಯಿಂದಲೇ ಕೆಲಸ ಮಾಡಲೆಂದು ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿಟ್ಟು, ಜೋಪಾನವಾಗಿ ಸ್ಟುಡಿಯೋಗೆ ತಂದರು. ಕೋಟಿಗಟ್ಟಲೆ ಬೆಲೆಯ ಕೆಲಸವನ್ನು ಅಂದು ಕಾಪಾಡಿದ್ದು ಬೇರೆ ಜಾಗದಲ್ಲಿದ್ದ ಒಂದು ಪ್ರತಿ. ಆದರೆ ಅದು ಯೋಜನೆಯಲ್ಲ, ಅದೃಷ್ಟ.

ಯೋಜನೆ ಎಂದರೆ ಮೊದಲು ವಿಂಗಡಣೆ. ಸಿನಿಮಾ, ತಂತ್ರಾಂಶಗಳನ್ನು ಮತ್ತೆ ಇಳಿಸಿಕೊಳ್ಳಬಹುದು. ಅಂಕಪಟ್ಟಿ ಕಳೆದರೆ ಅಲೆದಾಡಿಯಾದರೂ ನಕಲು ಪಡೆಯಬಹುದು. ಅಜ್ಜನ ಧ್ವನಿಯನ್ನು ಯಾವ ಕಚೇರಿಯೂ ಮತ್ತೆ ಕೊಡಲಾರದು. ಹೀಗೆ ಮರಳಿ ಸಿಗದವುಗಳನ್ನು ಪ್ರತ್ಯೇಕಿಸಿದರೆ ಕಾಪಾಡಬೇಕಾದ ಗಂಟು ಎಷ್ಟೋ ಚಿಕ್ಕದಾಗುತ್ತದೆ. ಆಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಎಷ್ಟು ದಿನದ ಕೆಲಸ ಹೋದರೆ ಸಹಿಸಬಹುದು? ಎಲ್ಲವನ್ನೂ ಮತ್ತೆ ಮೊದಲಿನಂತೆ ಮಾಡಲು ಎಷ್ಟು ದಿನ ಕಾಯಬಹುದು? ಪ್ರಾಜೆಕ್ಟ್ ಒಪ್ಪಿಸುವ ವಾರದಲ್ಲಿರುವ ವಿದ್ಯಾರ್ಥಿಗೆ ದಿನಕ್ಕೊಂದು ಬ್ಯಾಕಪ್ ಕೂಡ ಸಾಲದು. ಹಳೆಯ ಮದುವೆಯ ಚಿತ್ರಗಳಿಗೆ ತಿಂಗಳಿಗೊಮ್ಮೆ ಸಾಕು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ‘3-2-1’ ಸೂತ್ರ ಇಲ್ಲಿ ನೆರವಾಗುತ್ತದೆ. ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ಸರ್ವರಿನಲ್ಲಿ ಒಂದು, ಹೊರಗಿನಿಂದ ಜೋಡಿಸುವ ಡಿಸ್ಕಿನಲ್ಲಿ ಒಂದು, ಮೂರನೆಯದು ಕ್ಲೌಡ್‌ನಲ್ಲಿ ಅಥವಾ ಇನ್ನೊಂದು ಊರಿನ ನೆಂಟರ ಮನೆಯಲ್ಲಿ. 500 ಗಿಗಾಬೈಟ್ ಮಾಹಿತಿಯನ್ನು ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಕ್ಲೌಡ್‌ಗೆ ಏರಿಸಲು ಸುಮಾರು 56 ಗಂಟೆ ಬೇಕು. ಅಷ್ಟು ವ್ಯವಧಾನವಿಲ್ಲದವರು ಎರಡು ಡಿಸ್ಕುಗಳನ್ನು ಕೊಂಡು, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಅಜ್ಜಿಯ ಊರಿಗೆ ಹೋದಾಗ ಒಂದನ್ನು ಅಲ್ಲಿಟ್ಟು, ಹಿಂದಿನದನ್ನು ತರಬಹುದು. ಬೇರೆ ಜಾಗ ಏಕೆ ಎಂಬುದಕ್ಕೆ 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬಿದ್ದ ಬೆಂಕಿಯೇ ಉತ್ತರ. ಮೂಲವನ್ನೂ ಪ್ರತಿಯನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಬ್ಯಾಕಪ್ ಎಂದು ತಪ್ಪು ತಿಳಿಯುವ ಸಂಗತಿಗಳೂ ಉಂಟು. ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ‘ರೇಡ್’ ವ್ಯವಸ್ಥೆ, ಒಂದು ಡಿಸ್ಕು ಕೆಟ್ಟರೆ ಕಾಯುತ್ತದೆ. ಆದರೆ ಕಡತವನ್ನು ತಪ್ಪಾಗಿ ಅಳಿಸಿದರೆ ಎರಡರಿಂದಲೂ ಅಳಿಸುತ್ತದೆ. ಸಿಂಕ್ ಮಾಡುವ ತಂತ್ರಾಂಶವೂ ತಪ್ಪನ್ನು ಎಲ್ಲ ಕಡೆಗೂ ಅಷ್ಟೇ ಶ್ರದ್ಧೆಯಿಂದ ಹಂಚುತ್ತದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ‘ವನ್ನಾಕ್ರೈ’ಯಂಥ ಕುತಂತ್ರಾಂಶಗಳು, ಕಂಪ್ಯೂಟರಿಗೆ ಜೋಡಿಸಿಯೇ ಬಿಟ್ಟ ಡಿಸ್ಕಿಗೂ ಬೀಗ ಜಡಿಯಬಲ್ಲವು. ಆದ್ದರಿಂದ ಕೆಲಸ ಮುಗಿದ ಮೇಲೆ ಡಿಸ್ಕನ್ನು ಕಳಚಿಡಬೇಕು. ಹಳೆಯ ಆವೃತ್ತಿಗಳೂ ಉಳಿದಿರಬೇಕು. ದಿನಕ್ಕೊಂದರಂತೆ ಏಳು, ವಾರಕ್ಕೊಂದರಂತೆ ನಾಲ್ಕು, ತಿಂಗಳಿಗೊಂದರಂತೆ ಹನ್ನೆರಡು ಇಟ್ಟರೆ ಮನೆಗೆ ಧಾರಾಳವಾಯಿತು. ರೆಸ್ಟಿಕ್, ಬೋರ್ಗ್ ಮೊದಲಾದ ಉಚಿತ ತಂತ್ರಾಂಶಗಳು ಬದಲಾದ ಭಾಗವನ್ನಷ್ಟೇ ಹೊಸದಾಗಿ ಉಳಿಸುವುದರಿಂದ ಜಾಗ ಹೆಚ್ಚು ತಿನ್ನುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿಯುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಒಂದು ಸರ್ವರೆಂದು ಭಾವಿಸಿ ಇನ್ನೊಂದರಲ್ಲಿ ಕಡತಗಳನ್ನು ಅಳಿಸಿದರು. ಸುಮಾರು 300 ಗಿಗಾಬೈಟ್ ಮಾಹಿತಿ ಹೋಯಿತು. ಬ್ಯಾಕಪ್ಪಿಗೆಂದು ಹಲವು ಏರ್ಪಾಡುಗಳಿದ್ದವು. ಮುಖ್ಯವಾದದ್ದು ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಇತ್ತು. ಆ ವೈಫಲ್ಯವನ್ನು ತಿಳಿಸಬೇಕಾದ ಇ-ಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೇನೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೊಂದು ಕೈಹಿಡಿಯಿತು. ನಡುವಿನ ಆರು ಗಂಟೆಗಳ ಮಾಹಿತಿ ಮಾತ್ರ ಮರಳಲಿಲ್ಲ. ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಬಹಿರಂಗವಾಗಿ ಹೇಳಿಕೊಂಡದ್ದರಿಂದ ಇತರರಿಗೂ ಪಾಠವಾಯಿತು.

ಪಾಠ ಇಷ್ಟೇ: ಬ್ಯಾಕಪ್ ನಡೆಯಿತೇ ಎಂದು ಕೇಳಿದರೆ ಸಾಲದು, ಅದರಿಂದ ಮರಳಿ ಪಡೆಯಲಾಯಿತೇ ಎಂದು ಕೇಳಬೇಕು. ತಿಂಗಳ ಮೊದಲ ಭಾನುವಾರ ಪ್ರತಿಯಿಂದ ಯಾವುದಾದರೂ ಹತ್ತು ಕಡತಗಳನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿ, ತೆರೆದು ನೋಡಬೇಕು. ಚಿತ್ರ ಕಾಣಬೇಕು, ಧ್ವನಿ ಕೇಳಬೇಕು. ವರ್ಷಕ್ಕೊಮ್ಮೆ ಸರ್ವರೇ ಇಲ್ಲವೆಂದುಕೊಂಡು ಎಲ್ಲವನ್ನೂ ಖಾಲಿ ಡಿಸ್ಕಿಗೆ ಮರಳಿಸಿ ನೋಡುವುದು ಇನ್ನೂ ಒಳ್ಳೆಯದು.

ಈ ಪರೀಕ್ಷೆಯನ್ನು ಮಗ ಅಥವಾ ಮಗಳೊಬ್ಬರೇ ಮಾಡುವಂತಿರಬಾರದು. ಮನೆಯಿಂದಾಚೆ ಇಡುವ ಪ್ರತಿಗೆ ಗೂಢಲಿಪಿಯ ರಕ್ಷಣೆ ಬೇಕು, ಆದರೆ ಅದರ ಗುಪ್ತಪದ ಒಬ್ಬರ ತಲೆಯಲ್ಲಷ್ಟೇ ಇದ್ದರೆ ಪ್ರತಿ ಇದ್ದೂ ಇಲ್ಲದಂತೆ. ಮಗಳು ನೌಕರಿಗೆಂದು ಬೇರೆ ಊರಿಗೆ ಹೋದ ಮೇಲೆ ಸರ್ವರು ಕೆಟ್ಟರೆ ಮನೆಯವರು ಏನು ಮಾಡಬೇಕು? ಡಿಸ್ಕು ಎಲ್ಲಿದೆ, ಗುಪ್ತಪದವೇನು, ಯಾವ ಕ್ರಮದಲ್ಲಿ ಮರಳಿಸಬೇಕು ಎಂಬುದನ್ನು ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದು, ಮನೆಯ ಕಾಗದಪತ್ರಗಳ ಜೊತೆ ಬೀರುವಿನಲ್ಲಿಡಬೇಕು. ಆ ಹಾಳೆಯನ್ನು ಓದಿಕೊಂಡು ತಾಯಿಯೋ ತಂದೆಯೋ ಯಾರ ನೆರವೂ ಇಲ್ಲದೆ ಅಜ್ಜನ ಧ್ವನಿಯನ್ನು ಮತ್ತೆ ಕೇಳಿಸಿದ ದಿನ, ಬ್ಯಾಕಪ್ ಯೋಜನೆ ಪೂರ್ತಿಯಾಯಿತೆಂದು ತಿಳಿಯಬಹುದು.